ಅಂಬಿಗರ ಮನೆಯ ಪಾಲು

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಯಾಕೂಬಸಾಬನ ಬೇಕರಿ ಎಂದರೆ ಟೋಸ್ಟಿಗೆ ಹೆಸರುವಾಸಿ. ಆದರೆ ಶುಕ್ರವಾರ ಮಧ್ಯಾಹ್ನ ಅಲ್ಲಿಗೆ ಹೋದವರಿಗೆ ಟೋಸ್ಟೂ ಸಿಗುತ್ತಿರಲಿಲ್ಲ, ಯಾಕೂಬಸಾಬನೂ ಸಿಗುತ್ತಿರಲಿಲ್ಲ. ಜುಮ್ಮಾ ನಮಾಜು ಮುಗಿಸಿದವನೇ ಶಟರ್ ಎಳೆದು, ಟಿವಿಎಸ್ ಗಾಡಿಗೆ ಎರಡು ಗಾಳದ ಕೋಲು ಕಟ್ಟಿ, ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಭೀಮಾ ಹೊಳೆಯ ಕಡೆಗೆ ಹೊರಟುಬಿಡುತ್ತಿದ್ದ. ಆ ಡಬ್ಬಿಯಲ್ಲಿ ಏನಿದೆ ಎಂದು ಮಾತ್ರ ಅವನನ್ನು ಕೇಳಬಾರದು. ಕೇಳಿದವರ ಅರ್ಧ ಗಂಟೆ ಹೋಯಿತೆಂದೇ ತಿಳಿಯಬೇಕು.

ಡಬ್ಬಿಯಲ್ಲಿರುತ್ತಿದ್ದುದು ಮೀನಿಗೆ ಹಾಕುವ ತಿಂಡಿ. ಊರ ಮಂದಿಯೆಲ್ಲ ಗಾಳಕ್ಕೆ ಎರೆಹುಳವನ್ನೋ ಮೈದಾ ಉಂಡೆಯನ್ನೋ ಸಿಗಿಸಿ ಸುಮ್ಮನೆ ಕೂತರೆ ಇವನಿಗೆ ಅಷ್ಟು ಸಾಲದು. ಮೂರು ವರ್ಷದ ಹಿಂದೆ ಮೊಬೈಲಿನಲ್ಲಿ ಯಾವುದೋ ಪರದೇಶದ ಮಂದಿ ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿ, ಗೋಲಿ ಗಾತ್ರದ ಉಂಡೆ ಕಟ್ಟಿ, ನೀರಲ್ಲಿ ಬೇಯಿಸಿ, ಅದರಿಂದ ಕುರಿಮರಿಯಷ್ಟು ದೊಡ್ಡ ಮೀನು ಹಿಡಿಯುವುದನ್ನು ನೋಡಿದ. ಅವತ್ತೇ ಅವನ ತಲೆ ಕೆಟ್ಟಿತು. ಹಿಟ್ಟು, ಮೊಟ್ಟೆ, ಘಮಘಮ, ಬೇಯಿಸುವ ಹದ, ಇದೆಲ್ಲ ಬೇಕರಿಯವನ ಕೆಲಸವೇ ಅಲ್ಲವೇ? ಮೂವತ್ತು ವರ್ಷ ಮನುಷ್ಯರ ಬಾಯಿರುಚಿ ಅಳೆದವನಿಗೆ ಮೀನಿನ ಬಾಯಿರುಚಿ ಯಾವ ಲೆಕ್ಕ?

ಲೆಕ್ಕ ತಪ್ಪಿತು. ಮೊದಲ ವರ್ಷ ಪೈನಾಪಲ್ ಎಸೆನ್ಸು ಮತ್ತು ಕಸ್ಟರ್ಡ್ ಪುಡಿ. ಏಡಿಗಳು ಬಂದು ತಿಂದುಹೋದವು. ಎರಡನೆಯ ವರ್ಷ ಖೋವಾ, ಏಲಕ್ಕಿ. ಮನೆಯ ಏಲಕ್ಕಿ ಡಬ್ಬಿ ಖಾಲಿಯಾದಾಗ ಹೆಂಡತಿ ಖಾಸಿಂಬೀ, ಈದ್ ದಿನ ನನ್ನ ಮಕ್ಕಳಿಗೆ ಬರೀ ಶ್ಯಾವಿಗೆ, ಹೊಳೆಯ ಮೀನಿಗೆ ಮಿಠಾಯಿಯೇ ಎಂದು ವಾರವಿಡೀ ಗೊಣಗಿದಳು. ಆಮೇಲೆ ಒಣಸಿಗಡಿ ಪುಡಿ ಮತ್ತು ಬೆಲ್ಲ ಬೆರೆಸಿದ. ಆ ವಾಸನೆಗೆ ಮೀನು ಬರಲಿಲ್ಲ, ಬೇಕರಿಯ ಗಿರಾಕಿಗಳು ಎರಡು ದಿನ ಬರಲಿಲ್ಲ. ಗಾಳ ಹಾಕುವವರದೊಂದು ವಾಟ್ಸಾಪ್ ಗುಂಪಿತ್ತು. ಅದನ್ನು ನಡೆಸುತ್ತಿದ್ದವನು ಮೊಬೈಲ್ ಅಂಗಡಿಯ ಶಾಕೀರ. ಅಲ್ಲಿ ಯಾಕೂಬಸಾಬನಿಗೆ 'ಕೇಕ್ ಉಸ್ತಾದ್' ಎಂದು ಹೆಸರು ಬಿತ್ತು. ಅವನು ನಗುತ್ತಲೇ ಇದ್ದ. ಒಳಗೆ ಮಾತ್ರ ಉರಿಯುತ್ತಿತ್ತು.

ನಿಜ ಹೇಳಬೇಕೆಂದರೆ ಅವನು ಹೊಳೆಗೆ ಹೋಗುತ್ತಿದ್ದದ್ದು ಮೀನಿಗಿಂತ ಹೆಚ್ಚಾಗಿ ಗುರಣ್ಣನ ಸಲುವಾಗಿ. ಗುರಣ್ಣ ದಂಡೆಯ ಮೇಲಿನ ಅಂಬಿಗರವನು. ಸೇತುವೆ ಇಲ್ಲದ ಕಾಲದಲ್ಲಿ ಯಾಕೂಬಸಾಬ ತಲೆಯ ಮೇಲೆ ಟೋಸ್ಟಿನ ಡಬ್ಬ ಹೊತ್ತು ಆಚೆ ದಂಡೆಯ ಹಳ್ಳಿಗಳಿಗೆ ಮಾರಲು ಹೋಗುತ್ತಿದ್ದ. ದಾಟಿಸುತ್ತಿದ್ದದ್ದು ಗುರಣ್ಣನ ಹರಗೋಲು. ಅಂದಿನಿಂದ ಅವನ ಬಾಯಲ್ಲಿ ಇವನು 'ಟೋಸ್ಟ್ಯಾ'. ಯಾದಗಿರಿಯಲ್ಲಿ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಗುರಣ್ಣ ಕರೆದರೆ ಮಾತ್ರ ಇವನಿಗೆ ಇಪ್ಪತ್ತೈದರ ಹರೆಯ ಮರಳಿ ಬಂದಂತೆ ಆಗುತ್ತಿತ್ತು.

ಸೇತುವೆ ಬಂದ ಮೇಲೆ ಹರಗೋಲು ಅಂಗಳದಲ್ಲಿ ಬೋರಲು ಬಿತ್ತು. ಗುರಣ್ಣ ಬಲೆ ಹಿಡಿದ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದವು. ಬಲೆಯೂ ಗೂಟಕ್ಕೆ ಏರಿತು. ಆರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದವನನ್ನು ಹೆಂಡತಿ ಹಣಮಂತಮ್ಮ ಒಂದು ದಿನ ಬೈದು ಎಬ್ಬಿಸಿ, ಹೆಗಲು ಕೊಟ್ಟು, ಮನೆ ಹಿಂದಿನ ಮೆಟ್ಟಿಲ ಮೇಲೆ ನೀರಿನ ಹತ್ತಿರ ತಂದು ಕೂರಿಸಿದಳು. ಕೈಯಲ್ಲಿ ಊರುಗೋಲು, ಮಡಿಲಲ್ಲಿ ಹಿಂದಿನ ದಿನದ ಒಂದು ರೊಟ್ಟಿ. ಅವನು ಬೇಸರಕ್ಕೆ ಕೋಲಿನಿಂದ ಕಲ್ಲು ಬಡಿಯುತ್ತ, ರೊಟ್ಟಿ ಮುರಿದು ನೀರಿಗೆ ಹಾಕುತ್ತ ಕೂತ. ಹೀಗೆ ಎಷ್ಟೋ ದಿನ ಕಳೆದ ಮೇಲೆ ಒಂದು ಕಾಟ್ಲಾ ಮೀನು ಬಂತು.

ಕಾಟ್ಲಾ ಎಂದರೆ ತಲೆಯೇ ದೊಡ್ಡದಿರುವ ಮೀನು. ಇದಂತೂ ಮುದಿ ಕಾಟ್ಲಾ. ಬಾಲದ ಮೇಲಿನ ತುದಿ ಯಾವ ಆಮೆ ಕಚ್ಚಿತ್ತೋ ಏನೋ, ಅರ್ಧಚಂದ್ರದ ಹಾಗೆ ಹರಿದುಹೋಗಿತ್ತು. ಕಲ್ಲಿನ ಮೇಲೆ ಮೂರು ಸಲ ಬಡಿದರೆ ಸಾಕು, ನೀರೊಳಗಿಂದ ಕಪ್ಪಗೆ ಎದ್ದು ಬಂದು ಗುರಣ್ಣನ ಎಡಗೈಯಿಂದ ರೊಟ್ಟಿ ತಿನ್ನುತ್ತಿತ್ತು. ಯಾಕೂಬಸಾಬ ಅದನ್ನು ಮೊದಲ ಸಲ ನೋಡಿದಾಗ ನಂಬಲಿಲ್ಲ.

"ಬಲಿ ಬೀಸೂ ಮುಂದ ಒಂದಿನ ಕೈಗಿ ಸಿಗಲಿಲ್ಲ ಭಾಡ್ಯಾ," ಎಂದ ಗುರಣ್ಣ. ಲಕ್ವಾ ಹೊಡೆದ ಮೇಲೆ ಅವನ ಮಾತು ತೊದಲುತ್ತಿತ್ತು. ಮೀನಿನ ಮಾತು ಬಂದಾಗ ಮಾತ್ರ ನಾಲಗೆ ನೆಟ್ಟಗಾಗುತ್ತಿತ್ತು. "ಕೈ ಬಿದ್ದ ಮ್ಯಾಗ ತಾನ ಬರಾಕತ್ಯಾನ. ನೋಡಲೇ ಟೋಸ್ಟ್ಯಾ, ನಿನ್ನ ಮಿಠಾಯಿ ಬ್ಯಾಡ, ನನ್ನ ತಂಗಳ ರೊಟ್ಟಿ ಬೇಕ ಇವಂಗ."

ಹಣಮಂತಮ್ಮ ಯಾಕೂಬಸಾಬನನ್ನು ಒಳಗೆ ಕರೆದು ಸಣ್ಣ ದನಿಯಲ್ಲಿ ಹೇಳಿದ್ದಳು. "ಡಾಕ್ಟರ್ ಗುಳಿಗಿ ಮಾಡಲಾರದ್ದು ಆ ಮೀನ ಮಾಡೈತಿ ಅಣ್ಣಾ. ಮುಂಜಾನಿ ಎದ್ದ ಕೂಡ್ಲೆ ಹೊಳೀ ಪಾವಟಿಗಿಗಿ ಕರಕೊಂಡ ಹೋಗು ಅಂತಾರ. ಅದೊಂದು ಬರೂದು ಬಿಟ್ರ ಇವ್ರು ಮತ್ತ ಗ್ವಾಡಿ ಕಡಿ ಮಾರಿ ಮಾಡ್ತಾರ."

ಆ ಪರದೇಶದ ಮಂದಿ ಹಿಡಿದ ಮೀನನ್ನು ಮುದ್ದಿಟ್ಟು ಮತ್ತೆ ನೀರಿಗೇ ಬಿಡುವುದನ್ನು ಯಾಕೂಬಸಾಬ ಒಮ್ಮೆ ಮೊಬೈಲಿನಲ್ಲಿ ತೋರಿಸಿದಾಗ ಗುರಣ್ಣ ಬಿದ್ದು ಬಿದ್ದು ನಕ್ಕಿದ್ದ. "ಬಿಡೂದಿದ್ರ ಹಿಡೀಬೇಕ್ಯಾಕ? ಹುಚ್ಚರು." ಆಮೇಲೆ ರೊಟ್ಟಿಯ ಚೂರೊಂದನ್ನು ನೀರಿಗೆ ಹಾಕುತ್ತ, "ನಾನೂ ಹುಚ್ಚ ಆದ್ನಿ ನೋಡು," ಎಂದಿದ್ದ.

ಆ ದಂಡೆಯಲ್ಲಿ ಒಂದು ಪದ್ಧತಿ ಇತ್ತು. ಹೊರಗಿನವರು ಯಾರೇ ಬಂದು ದೊಡ್ಡ ಮೀನು ಹಿಡಿದರೂ ಅದರ ತಲೆ ಅಂಬಿಗರ ಮನೆಗೆ ಹೋಗಬೇಕು. ಕೇಳುವವರಿಲ್ಲ, ಹೇಳುವವರಿಲ್ಲ, ತಾವಾಗಿಯೇ ಒಯ್ದು ಕೊಡುವುದು. ಹೊಳೆ ದಾಟಿಸಿದ ಮನೆತನಕ್ಕೆ ಅಷ್ಟು ಪಾಲು. ಯಾಕೂಬಸಾಬನಿಗೆ ಮೂರು ವರ್ಷದಲ್ಲಿ ತಲೆ ಕೊಡುವಂಥ ಮೀನು ಒಂದೂ ಸಿಕ್ಕಿರಲಿಲ್ಲ. "ನಿನ್ನ ಮೀನಿನ ತಲಿ ಯಾವಾಗ ತರ್ತೀಲೇ? ನನ್ನ ತಲಿ ಪೂರಾ ಬೆಳ್ಳಗಾತು," ಎಂದು ಗುರಣ್ಣ ಪ್ರತಿ ಶುಕ್ರವಾರ ಕೆಣಕುತ್ತಿದ್ದ.

ಈ ಸಲ ಬೇಸಿಗೆಯಲ್ಲಿ ಯಾಕೂಬಸಾಬನಿಗೆ ಒಂದು ಯೋಚನೆ ಹೊಳೆಯಿತು. ಹೊಳೆದಿರದಿದ್ದರೆ ಎಷ್ಟು ಚೆನ್ನಾಗಿತ್ತು! ಅಷ್ಟು ದೊಡ್ಡ ಕಾಟ್ಲಾ ದಿನವೂ ಒಂದೇ ರೊಟ್ಟಿಗೆ ಬರುತ್ತದೆ ಎಂದ ಮೇಲೆ ಆ ರೊಟ್ಟಿಯಲ್ಲೇ ಏನೋ ಇದೆ. ಹಣಮಂತಮ್ಮ ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಉದುರಿಸಿ, ಎರಡು ಹನಿ ಕುಸುಬೆ ಎಣ್ಣೆ ಹಾಕಿ ಗಂಡನ ಮಡಿಲಿಗೆ ಕೊಡುತ್ತಿದ್ದಳು. ಅವನು ತಾನರ್ಧ ತಿಂದು ಮೀನಿಗರ್ಧ ಹಾಕುತ್ತಿದ್ದ.

"ತಂಗೀ, ನಿನ್ನ ಕೈ ರೊಟ್ಟಿ ತಿನ್ನಬೇಕು ಅಂತ ಆಸೆ ಆಗೇದವಾ," ಎಂದ ಯಾಕೂಬಸಾಬ.

ಅದು ಸುಳ್ಳು. ಅವಳಿಗೆ ಏನು ಗೊತ್ತು? ಸಂತೋಷಪಟ್ಟು ನಾಲ್ಕು ರೊಟ್ಟಿ, ಒಂದು ಸೀಸೆ ಶೇಂಗಾ ಹಿಂಡಿ, ಮೇಲೆ ನಾಲ್ಕು ಉಳ್ಳಾಗಡ್ಡಿಯನ್ನೂ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. "ಖಾಸಿಂಬೀ ಅಕ್ಕಗೂ ಕೊಡ್ರಿ," ಎಂದಳು. ಖಾಸಿಂಬೀಗೆ ಅದರಲ್ಲಿ ಒಂದು ಚೂರೂ ಸಿಗಲಿಲ್ಲ. ಯಾಕೂಬಸಾಬ ರೊಟ್ಟಿಯನ್ನು ಒಣಗಿಸಿ ಕುಟ್ಟಿ, ಹಿಂಡಿ ಬೆರೆಸಿ, ಮೈದಾ, ಮೊಟ್ಟೆ, ಕುಸುಬೆ ಎಣ್ಣೆ ಹಾಕಿ ನಾದಿದ. ಉಂಡೆ ಕಟ್ಟಿ ಮೂರು ನಿಮಿಷ ಕುದಿಸಿದ. ಬೇಕರಿ ತುಂಬ ಹಣಮಂತಮ್ಮನ ಅಡುಗೆಮನೆಯ ವಾಸನೆ ತುಂಬಿಕೊಂಡಿತು. ಅವನಿಗೆ ಆ ವಾಸನೆ ಹಿತವಾಗಿಯೇ ಇತ್ತು.

ಆ ಶುಕ್ರವಾರ ಗುರಣ್ಣನ ಮೆಟ್ಟಿಲ ಕಡೆ ಅವನು ಹೋಗಲಿಲ್ಲ. ಒಂದು ಕಿಲೋಮೀಟರ್ ಕೆಳಗೆ, ಬಂಡೆಗಳ ನಡುವಿನ ಮಡುವಿಗೆ ಹೋದ. ಶಾಕೀರ ಮತ್ತು ಗುಂಪಿನ ನಾಲ್ಕು ಜನ ಅಲ್ಲಿದ್ದರು. ಕೆಳಗಿನ ಊರುಗಳಿಗೆ ಕುಡಿಯಲೆಂದು ಮುಂದಿನ ಒಡ್ಡಿನ ಗೇಟು ತೆಗೆದು ನಿಂತ ನೀರನ್ನು ಬಿಟ್ಟಿದ್ದರಿಂದ ಹೊಳೆ ಆ ವಾರ ಮೆಟ್ಟಿಲು ಬಿಟ್ಟು ಇಳಿದಿತ್ತು. ಗುರಣ್ಣನ ಮೀನು ಗುರಣ್ಣನ ಮೆಟ್ಟಿಲ ಹತ್ತಿರ ಇರುತ್ತದೆ, ಈ ಮಡುವಿಗೂ ಅದಕ್ಕೂ ಏನು ಸಂಬಂಧ ಎಂದು ಯಾಕೂಬಸಾಬ ತನಗೆ ತಾನೇ ಹೇಳಿಕೊಂಡ. ನೀರು ಇಳಿದರೆ ಮೀನೂ ಇಳಿದು ಮಡು ಸೇರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಹಾಗೆ ಹೇಳಿಕೊಂಡ.

ಉಂಡೆ ನೀರಿಗೆ ಬಿದ್ದು ಕಾಲು ಗಂಟೆ ಆಗಿರಲಿಲ್ಲ, ಕೋಲು ಬಾಗಿತು. ಇಪ್ಪತ್ತು ನಿಮಿಷ ಮೀನು ಎಳೆಯಿತು, ಅವನು ಎಳೆದ. ಅಂಗೈ ಹರಿದು ರಕ್ತ ಬಂತು. ಕೊನೆಗೆ ಬಂಡೆಯ ಅಂಚಿಗೆ ಬಂದು ಮಗ್ಗುಲಾದ ಮೀನನ್ನು ನೋಡಿ ಮಂದಿ ಕೇಕೆ ಹಾಕಿತು. ಶಾಕೀರ ಮೊಬೈಲ್ ಹಿಡಿದು, "ಕೇಕ್ ಉಸ್ತಾದ್ ಗೆದ್ದಾನ್ರಪೋ!" ಎಂದು ಕೂಗಿದ. ಯಾಕೂಬಸಾಬ ಮೊಣಕಾಲೂರಿ, ಆ ಪರದೇಶದವರ ಹಾಗೆಯೇ ಕೈ ಒದ್ದೆ ಮಾಡಿಕೊಂಡು, ಮೀನನ್ನು ತನ್ನ ಕಡೆ ತಿರುಗಿಸಿದ.

ಬಾಲದ ಮೇಲಿನ ತುದಿ ಅರ್ಧಚಂದ್ರದ ಹಾಗೆ ಹರಿದಿತ್ತು.

ಮೀನು ಜೀವಂತ ಇತ್ತು. ಕಿವಿರು ತೆರೆಯುತ್ತ ಮುಚ್ಚುತ್ತ ಇತ್ತು. ನೀರು ಒಂದು ಮೊಳ ದೂರ. ಗಾಳ ಬಿಡಿಸಿ ಒಂದು ಸಲ ನೂಕಿದ್ದರೆ ಸಾಕಾಗಿತ್ತು. ಕೈ ಜಾರಿತು ಎಂದಿದ್ದರೆ ಎರಡು ದಿನ ನಗುತ್ತಿದ್ದರು, ಅಷ್ಟೇ. ಅವನಿಗೆ ಗುರುತು ಸಿಕ್ಕಿತು, ಗುರಣ್ಣ ನೆನಪಾದ, ಗೋಡೆಯೂ ನೆನಪಾಯಿತು. ಇಷ್ಟೂ ನೆನಪಾದವು ಎಂಬುದನ್ನು ಮುಂದೆ ಅವನಿಗೆ ಎಂದೂ ಮರೆಯಲಾಗಲಿಲ್ಲ.

"ಚಾಚಾ, ಎತ್ತಿ ಹಿಡೀರಿ," ಎಂದ ಶಾಕೀರ. "ಮೂರ ವರ್ಸ ನಕ್ಕವರು ನೋಡ್ಲಿ."

ಯಾಕೂಬಸಾಬ ಎತ್ತಿ ಹಿಡಿದ. ಹರಿದ ಬಾಲ ಕಾಣದ ಹಾಗೆ ಅಂಗೈ ಮುಚ್ಚಿ ಹಿಡಿದ. ಇವತ್ತಿಗೂ ಆ ಫೋಟೋ ಯಾದಗಿರಿಯ ಎಷ್ಟೋ ಮಂದಿಯ ಮೊಬೈಲಿನಲ್ಲಿದೆ. ಅದರಲ್ಲಿ ಅವನು ನಗುತ್ತಿದ್ದಾನೆ.

ಕೊಯ್ಯುವಾಗ ಎಲ್ಲಕ್ಕಿಂತ ಮೊದಲು ಬಾಲ ಕಡಿದು ಹೊಳೆಗೆ ಎಸೆದ. ತಲೆಯನ್ನು ಮಾತ್ರ ಎಸೆಯುವಂತಿರಲಿಲ್ಲ. ಅಷ್ಟು ದೊಡ್ಡ ಮೀನು ಹಿಡಿದದ್ದು ಆಗಲೇ ಊರಿಗೆಲ್ಲ ಗೊತ್ತಾಗಿತ್ತು. ಅಂಬಿಗರ ಮನೆಗೆ ತಲೆ ಹೋಗದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ತಲೆಯಲ್ಲಿ ಏನು ಗುರುತು? ಎಲ್ಲ ಕಾಟ್ಲಾ ತಲೆಗಳೂ ಒಂದೇ. ಹಾಗಂದುಕೊಂಡು ಅದನ್ನು ಮುತ್ತುಗದ ಎಲೆಯಲ್ಲಿ ಸುತ್ತಿಕೊಂಡು ಗುರಣ್ಣನ ಮನೆಗೆ ಹೋದ.

ಗುರಣ್ಣ ಕಟ್ಟೆಯ ಮೇಲೆ ಕೂತಿದ್ದ. ಎಲೆ ಬಿಚ್ಚಿ ತಲೆಯನ್ನು ಎಡಗೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಹೆಬ್ಬೆರಳಿನಿಂದ ಅದರ ತುಟಿ ಸವರಿದ. ಆಮೇಲೆ ಕೆಳಗಿಟ್ಟು, "ದೊಡ್ಡದೈತಿ ಬಿಡಲೇ ಟೋಸ್ಟ್ಯಾ," ಎಂದ. "ಅಂತೂ ನಿನ್ನ ಉಂಡಿ ಗೆದ್ದಿತು. ಯಾವುದ್ರಲೆ ಮಾಡಿದ್ದಿ ಈ ಸಲ?"

"ಹಿಂಗ... ಏನೋ ಬ್ಯಾರೆ ಹಿಟ್ಟು," ಎಂದ ಯಾಕೂಬಸಾಬ. ಡಬ್ಬಿಯಲ್ಲಿ ಏನಿದೆ ಎಂಬುದಕ್ಕೆ ಅವನು ಇಷ್ಟು ಚುಟುಕಾಗಿ ಉತ್ತರ ಕೊಟ್ಟದ್ದು ಅದೇ ಮೊದಲು. ಹಣಮಂತಮ್ಮ ಊಟಕ್ಕೆ ನಿಲ್ಲಲು ಹೇಳಿದಳು. ಬೇಕರಿಯ ಭಟ್ಟಿ ನೋಡಬೇಕೆಂದು ಹೇಳಿ ಹೊರಟುಬಿಟ್ಟ. ಮನೆಯಲ್ಲಿ ಖಾಸಿಂಬೀ ಅವನ ಪಾಲಿನ ಮೀನು ಹುರಿದು ಬಡಿಸಿದಳು. ಮೊದಲ ತುತ್ತಿಗೇ ಎದ್ದ. ಮುಳ್ಳು ಸಿಕ್ಕಿತು ಎಂದು ಹೇಳಿ ಕೈ ತೊಳೆದ.

ಮುಂದಿನ ಶುಕ್ರವಾರ ಹೋದಾಗ ಗುರಣ್ಣ ಮೆಟ್ಟಿಲ ಮೇಲೆ ಕೂತು ಕಲ್ಲು ಬಡಿಯುತ್ತಿದ್ದ. ಮೂರು ಸಲ ಬಡಿಯುವುದು, ನೀರು ನೋಡುವುದು, ಮತ್ತೆ ಮೂರು ಸಲ ಬಡಿಯುವುದು. ಮಡಿಲಿನ ರೊಟ್ಟಿ ಹಾಗೆಯೇ ಇತ್ತು.

"ವಾರ ಆತು, ಬಂದಿಲ್ಲ ಭಾಡ್ಯಾ," ಎಂದ. "ನೀರ ಕಡಿಮಿ ಆಗೈತಲ್ಲ, ಎಲ್ಲೋ ಹೋಗಿರಬೇಕು. ಬರ್ತಾನ."

 ಅಂದಿನಿಂದ ಯಾಕೂಬಸಾಬ ಮಡುವಿಗೆ ಕಾಲಿಡಲಿಲ್ಲ, ಗಾಳದ ಕೋಲು ತರುವುದನ್ನೂ ಬಿಟ್ಟ. ಡಬ್ಬಿ ಮಾತ್ರ ತಂದ. ಪ್ರತಿ ವಾರ ಹೊಸ ಉಂಡೆ ಮಾಡಿ ಗುರಣ್ಣನ ಮೆಟ್ಟಿಲ ಕೆಳಗೆ ನೀರಿಗೆ ಸುರಿಯುತ್ತಿದ್ದ. ಅಕ್ಕಿ ತೌಡು ಹುರಿದು ತಂದ. ಬಾಳೆಹಣ್ಣು ಕಿವುಚಿ ತಂದ. ಪುಟಾಣಿ ಹಿಟ್ಟು ತಂದ. ಕೊನೆಗೆ ಹಳೆಯ ಪೈನಾಪಲ್ ಎಸೆನ್ಸನ್ನೂ ತಂದ. ಯಾವುದಾದರೂ ಒಂದು ಮೀನು ಬರಲಿ, ಗುರಣ್ಣನ ಕೈಗೆ ಒಂದು ಬಾಯಿ ಸಿಗಲಿ ಎಂಬುದಷ್ಟೇ ಅವನ ಆಸೆ. ಮೂರು ವರ್ಷ ಮೀನು ಹಿಡಿಯಲು ಅವನು ಇಷ್ಟು ಕಷ್ಟಪಟ್ಟಿರಲಿಲ್ಲ. ಸಣ್ಣ ಮರಿಗಳು ಬಂದು ತಿಂದು ಚೆದುರುತ್ತಿದ್ದವು. ಕೈಯ ಹತ್ತಿರ ಒಂದೂ ಬರುತ್ತಿರಲಿಲ್ಲ.

"ಈಗ ಹಿಡೀದ ಬರೇ ತಿನಸಾಕತ್ತಿ. ನೀನೂ ಹುಚ್ಚ ಆದಿಲೇ ಟೋಸ್ಟ್ಯಾ," ಎಂದು ಗುರಣ್ಣ ನಗುತ್ತಿದ್ದ. ನಕ್ಕು ಮತ್ತೆ ಕಲ್ಲು ಬಡಿಯುತ್ತಿದ್ದ. ಆ ಸದ್ದು ಯಾಕೂಬಸಾಬನಿಗೆ ಬೇಕರಿಯಲ್ಲಿ ಹಿಟ್ಟು ನಾದುವಾಗಲೂ ಕೇಳತೊಡಗಿತು.

ಹೀಗೆ ಏಳು ಶುಕ್ರವಾರ ಕಳೆದವು. ಎಂಟನೆಯದಕ್ಕೆ ಹೊಳೆಗೆ ಹೊಸ ನೀರು ಬಂದಿತ್ತು, ಕೆಂಪಗೆ, ಕಸಕಡ್ಡಿ ಹೊತ್ತುಕೊಂಡು. ಕೆಳಗಿನ ನಾಲ್ಕು ಮೆಟ್ಟಿಲು ಮುಳುಗಿದ್ದವು. ಗುರಣ್ಣ ಐದನೆಯದರ ಮೇಲೆ ಕೂತಿದ್ದ. ಎರಡು ದಿನದಲ್ಲಿ ಅದೂ ಮುಳುಗುತ್ತದೆ, ಆಮೇಲೆ ದೀಪಾವಳಿಯವರೆಗೆ ಇಲ್ಲಿ ಕೂರುವಂತಿಲ್ಲ ಎಂದ. ಹಾಗೆಂದು ಕೋಲು ಎತ್ತಿ ಮೂರು ಸಲ ಬಡಿದ.

ಯಾಕೂಬಸಾಬನಿಗೆ ತಡೆಯಲಾಗಲಿಲ್ಲ. "ಬಡೀಬ್ಯಾಡ ಗುರಣ್ಣ," ಎಂದ. "ಅದು ಬರಂಗಿಲ್ಲ. ಅವತ್ತ ನಾ ಹಿಡದದ್ದು ನಿನ್ನ ಮೀನ. ನಿನ್ನ ಮನಿ ರೊಟ್ಟೀಲೆನ ಹಿಡದೆ. ಹಣಮಂತಮ್ಮಗ ಸುಳ್ಳ ಹೇಳಿ ರೊಟ್ಟಿ ಒಯ್ದಿದ್ದೆ."

ಗುರಣ್ಣ ನೀರಿನ ಕಡೆಗೇ ನೋಡುತ್ತಿದ್ದ. "ಗೊತ್ತೈತಿ," ಎಂದ.

"ಗೊತ್ತೈತಿ?"

"ತಲಿ ತಂದ ದಿನಾನ ಗೊತ್ತಾತು. ಅದರ ಕೆಳಗಿನ ತುಟಿ ಒಳಗ ಹಳೀ ಗಾಳ ಚುಚ್ಚಿದ ಗಂಟ ಇತ್ತು. ದಿನಾ ನನ್ನ ಬೆರಳಿಗಿ ತಾಗತಿತ್ತು. ನೀವ್ಯಾರೂ ನೋಡಿಲ್ಲ ಅದನ್ನ, ಅದರ ಬಾಯಾಗ ಬೆರಳ ಇಟ್ಟಾವ ನಾ ಒಬ್ಬನ." ಅವನ ಮಾತು ತೊದಲಲಿಲ್ಲ. "ಆ ತಲಿ ನಾವು ಉಣಲಿಲ್ಲ. ಹಣಮಂತಿ ಮುಂಜಾನಿ ಹೊಳೀಗಿ ಬಿಟ್ಟ ಬಂದ್ಲು."

"ಮತ್ತ ಇಷ್ಟ ದಿನ ಯಾಕ ಬಡಕೋತ ಕುಂತಿ, ಗುರಣ್ಣ?"

"ನಿನ್ನ ಸಲುವಾಗಿ." ಗುರಣ್ಣ ಈಗ ಇವನ ಕಡೆ ತಿರುಗಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಹಳೆಯ ಅಕ್ಕರೆಯೇ ಇತ್ತು. "ಪಾಪ, ಟೋಸ್ಟ್ಯಾ ಗೊತ್ತಿಲ್ದ ಹಿಡದಾನ. ನಾ ಬಡಿಯೂದು ಬಿಟ್ರ ಅವಂಗ ತಿಳೀತೈತಿ, ತಿಳದ್ರ ಎದಿ ಒಡಕೋತಾನ, ಈ ಕಡಿ ಬರೂದ ಬಿಡ್ತಾನ ಅಂತ ಅನಕೊಂಡೆ. ಮೀನ ಹೋತು, ನೀನೂ ಹೋದ್ರ ನನಗ ಯಾರದಾರ?"

ಯಾಕೂಬಸಾಬನ ಕಣ್ಣು ತುಂಬಿ ಬಂತು. ಇಂಥವನಿಗೆ ಹೀಗೆ ಮಾಡಿದೆನಲ್ಲಾ ಎಂದುಕೊಂಡ. ಅದರ ಜೊತೆಗೇ, ಎಲ್ಲ ಮುಗಿಯಿತು, ಕ್ಷಮಿಸಿದ ಎಂಬ ಹಗುರವೂ ಆಗುತ್ತಿತ್ತು. ಅಷ್ಟರಲ್ಲಿ ಗುರಣ್ಣನ ಹುಬ್ಬು ಗಂಟಿಕ್ಕಿತು.

"ಅಲ್ಲಲೇ, ತುಟಿ ಗಂಟ ನೀ ನೋಡಿಲ್ಲ. ಮತ್ತ ನನ್ನ ಮೀನ ಅಂತ ನಿನಗ ಹೆಂಗ ಗೊತ್ತಾತು?"

"ಬಾಲ," ಎಂದ ಯಾಕೂಬಸಾಬ.

"ಬಾಲ ಯಾವಾಗ ನೋಡಿದಿ?"

ಯಾಕೂಬಸಾಬ ಡಬ್ಬಿಯ ಮುಚ್ಚಳ ಬಿಗಿಮಾಡಿದ. ಗುರಣ್ಣ ಅದನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ. "ಬಾಲ ನೋಡೂ ಮುಂದ ಜೀವ ಇತ್ತೇನು?"

ಕೊಯ್ಯುವಾಗ ನೋಡಿದೆ ಎಂದರೆ ಮುಗಿಯುತ್ತಿತ್ತು. ಗುರಣ್ಣ ನಂಬುತ್ತಿದ್ದ, ನಂಬಲು ತಯಾರಾಗಿಯೇ ಕೂತಿದ್ದ. ಆ ಮಾತು ಯಾಕೂಬಸಾಬನ ನಾಲಗೆಯ ತುದಿಗೂ ಬಂದಿತ್ತು. ಆದರೆ ಈ ಮನೆಯಲ್ಲಿ ಹೇಳಿದ ಒಂದು ಸುಳ್ಳಿನಿಂದ ಏನಾಯಿತು ಎಂಬುದು ಎಂಟು ವಾರದಿಂದ ಅವನ ಎದುರೇ ಕೂತು ಕಲ್ಲು ಬಡಿಯುತ್ತಿತ್ತು.

"ಇತ್ತು," ಎಂದ. "ನೀರ ಬಾಜೂಕ ಇತ್ತು. ಬಿಡಬಹುದಿತ್ತು. ಮಂದಿ ನೋಡಾಕತ್ತಿದ್ರು, ಬಿಡಲಿಲ್ಲ."

ಗುರಣ್ಣ ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ಯಾಕೂಬಸಾಬ ಅವನ ಕಾಲು ಹಿಡಿಯುತ್ತಿದ್ದ. ಗುರಣ್ಣ ಕೋಲನ್ನು ಪಕ್ಕದಲ್ಲಿ ಮಲಗಿಸಿದ. ಮಡಿಲಿನ ರೊಟ್ಟಿಯನ್ನು ಮುರಿಯದೆ ಹಾಗೆಯೇ ಕೆಂಪು ನೀರಿಗೆ ಬಿಟ್ಟ. ಅದು ಸ್ವಲ್ಪ ದೂರ ತೇಲಿ ಹೋಗುವವರೆಗೆ ನೋಡಿ, ಮನೆಯ ಕಡೆ ಕುತ್ತಿಗೆ ಹೊರಳಿಸಿದ.

"ಹಣಮಂತೀ, ಯಾಕೂಬಸಾಬ್ರು ಬಂದಾರ, ಚಾ ತಗೊಂಡ ಬಾ."

ಯಾಕೂಬಸಾಬ ನಿಂತೇ ಇದ್ದ. ಗುರಣ್ಣ ಎಡಗೈಯಿಂದ ಮೆಟ್ಟಿಲ ಮೇಲಿನ ಮಣ್ಣು ಒರೆಸಿ ಜಾಗ ಮಾಡಿದ, ಹೊರಗಿನಿಂದ ಬಂದ ದೊಡ್ಡವರಿಗೆ ಮಾಡುವ ಹಾಗೆ.

"ಕೂಡ್ರಿ ಸಾಬ್ರ," ಎಂದ. "ಹುಷಾರ್ರಿ, ಅಲ್ಲಿ ಜಾರತೈತಿ."

ಹಣಮಂತಮ್ಮ ತಂದುಕೊಟ್ಟ ಚಹಾವನ್ನು ಯಾಕೂಬಸಾಬ ಕುಡಿದ. ಮುಂದೆಯೂ ಶುಕ್ರವಾರ ತಪ್ಪದೆ ಹೋದ, ದೀಪಾವಳಿಯ ಹೊತ್ತಿಗೆ ಮೆಟ್ಟಿಲು ಬಯಲಾದ ಮೇಲೂ ಹೋದ. ಪ್ರತಿ ಸಲ ಚಹಾ ಕೊಟ್ಟರು, ಪ್ರತಿ ಸಲ ಜಾಗ ಒರೆಸಿ ಕೂರಿಸಿದರು. ಆ ದಂಡೆಯಲ್ಲಿ ಟೋಸ್ಟ್ಯಾ ಎಂದು ಅವನನ್ನು ಮತ್ತೆ ಯಾರೂ ಕರೆಯಲಿಲ್ಲ.